ಹಣ್ಣು ರಸವಾದಾಗ ಲೋಟದೊಳಗೆ ನಡೆಯುವುದೇನು?

ಬೇಸಿಗೆಯ ಮಧ್ಯಾಹ್ನ ಮೂಸಂಬಿ ಹಿಂಡಿ ಒಂದು ಲೋಟ ರಸ ತೆಗೆದಿಡುತ್ತೀರಿ. ಅಷ್ಟರಲ್ಲಿ ಯಾರೋ ಬರುತ್ತಾರೆ, ಮಾತಿನಲ್ಲಿ ಒಂದೆರಡು ಗಂಟೆ ಕಳೆಯುತ್ತದೆ. ಆಮೇಲೆ ಕುಡಿದರೆ ರಸ ಕಹಿ. ಹಿಂಡಿದಾಗ ಆ ಕಹಿ ಇರಲಿಲ್ಲ. ಸೇಬಿನ ರಸವಾದರೆ ಹತ್ತು ನಿಮಿಷದಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅನಾನಸ್ ರಸವನ್ನು ಹಾಲಿನೊಂದಿಗೆ ಬೆರೆಸಿಟ್ಟರೆ ಹಾಲೇ ಕಹಿಯಾಗುತ್ತದೆ. ಟೊಮೇಟೊ ರುಬ್ಬಿಟ್ಟರೆ ನೀರು ಬೇರೆ, ತಿರುಳು ಬೇರೆಯಾಗಿ ನಿಲ್ಲುತ್ತದೆ. ಇಲ್ಲಿ ಯಾರೂ ಹೊರಗಿನಿಂದ ಏನನ್ನೂ ಹಾಕಿ ಕೆಡಿಸಿಲ್ಲ. ಹಾಗಾದರೆ ಈ ಬದಲಾವಣೆಗಳಿಗೆ ಕಾರಣವೇನು?

ರಸವೆಂದರೆ ದ್ರವರೂಪದ ಹಣ್ಣು ಎಂದೇ ನಾವು ತಿಳಿದಿರುತ್ತೇವೆ. ಆದರೆ ಇಡೀ ಹಣ್ಣು ವಾರಗಟ್ಟಲೆ ಕೆಡದೆ ಇರಬಲ್ಲದು, ಅದರ ರಸ ಅರ್ಧ ದಿನವೂ ಚೆನ್ನಾಗಿರದು. ಹಣ್ಣಿಗೂ ರಸಕ್ಕೂ ಇರುವ ಈ ವ್ಯತ್ಯಾಸವನ್ನು ಅರಿತರೆ ಮನೆಯಲ್ಲಿ ರಸ ತಯಾರಿಸುವ ಕ್ರಮ ತಾನಾಗಿಯೇ ತಿಳಿಯುತ್ತದೆ. ಯಾವ ರಸವನ್ನು ಕುಡಿಯಲೇಬಾರದು ಎಂಬುದೂ ತಿಳಿಯುತ್ತದೆ. ಈ ಎರಡನೆಯ ತಿಳಿವಳಿಕೆ ಇಲ್ಲದೆ ನಮ್ಮ ದೇಶದಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಗೋಡೆ ಒಡೆದಾಗ

ಹಣ್ಣು, ತರಕಾರಿಗಳೆಲ್ಲ ಜೀವಕೋಶಗಳಿಂದ ಆದವು. ಪ್ರತಿ ಕೋಶದ ಸುತ್ತ ಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳಿಂದಾದ ಕೋಶಭಿತ್ತಿ ಇರುತ್ತದೆ. ಒಳಗೆ ರಸದಾನಿ ಎಂಬ ದೊಡ್ಡ ಚೀಲವಿರುತ್ತದೆ. ನೀರು, ಸಕ್ಕರೆ, ಆಮ್ಲ ಮತ್ತು ಹಲವು ವರ್ಣಕಗಳು ಬಹುಮಟ್ಟಿಗೆ ಈ ಚೀಲದಲ್ಲೇ ತುಂಬಿರುತ್ತವೆ. ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಕಿಣ್ವಗಳಲ್ಲಿ ಅನೇಕವು ರಸದಾನಿಯ ಹೊರಗೆ, ಬೇರೆ ಬೇರೆ ಕಣದಂಗಗಳಲ್ಲಿ ಇರುತ್ತವೆ. ಒಂದಕ್ಕೊಂದು ತಾಗಿದರೆ ಕೂಡಲೇ ವರ್ತಿಸುವ ವಸ್ತುಗಳನ್ನು ಸಸ್ಯ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟು ಬಾಳುತ್ತದೆ.

ಈರುಳ್ಳಿಯನ್ನೇ ನೋಡಿ. ಇಡೀ ಈರುಳ್ಳಿಯನ್ನು ಕೈಯಲ್ಲಿ ಹಿಡಿದರೆ ಕಣ್ಣು ಉರಿಯುವುದಿಲ್ಲ. ಹೆಚ್ಚಿದ ಕೂಡಲೇ ಕಣ್ಣೀರು ಬರುತ್ತದೆ. ಚಾಕು ಕೋಶಗಳನ್ನು ಸೀಳಿದಾಗ ಬೇರೆ ಬೇರೆ ಕಡೆ ಇದ್ದ ಕಿಣ್ವವೂ ಗಂಧಕದ ಸಂಯುಕ್ತವೂ ಸಂಧಿಸಿ, ಕಣ್ಣು ಉರಿಸುವ ಆವಿ ಹುಟ್ಟುತ್ತದೆ. ಚಾಕು ಒಂದು ಸಾಲಿನ ಕೋಶಗಳನ್ನು ಸೀಳಿದರೆ ಮಿಕ್ಸಿಯ ಅಲಗು ಹಣ್ಣಿನ ಹೆಚ್ಚಿನ ಕೋಶಗಳನ್ನು ಒಂದೇ ನಿಮಿಷದಲ್ಲಿ ಒಡೆದುಹಾಕುತ್ತದೆ. ಜೊತೆಗೆ ಗಾಳಿಯನ್ನೂ ಕಲಕುತ್ತದೆ. ಕಿಣ್ವ, ಆಮ್ಲ, ಸಕ್ಕರೆ, ಆಮ್ಲಜನಕ ಎಲ್ಲವೂ ಒಂದೇ ಪಾತ್ರೆಯಲ್ಲಿ ಸೇರುತ್ತವೆ. ಲೋಟದೊಳಗಿನ ರಸಾಯನ ಕ್ರಿಯೆ ಶುರುವಾಗುವುದು ಆಗ.

ಬಣ್ಣ ಕೆಡುವುದೇಕೆ?

ಸೇಬು, ಬಾಳೆ, ಬದನೆ, ಕಬ್ಬು ಮುಂತಾದವುಗಳಲ್ಲಿ ಫಿನಾಲ್ ವರ್ಗದ ಸಂಯುಕ್ತಗಳಿವೆ. ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಇದೆ. ಕೋಶ ಒಡೆದು ಇವೆರಡೂ ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ ಫಿನಾಲ್‌ಗಳು ಉತ್ಕರ್ಷಣಗೊಂಡು ಕ್ವಿನೋನ್‌ಗಳಾಗುತ್ತವೆ. ಕ್ವಿನೋನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಮೆಲನಿನ್ ಎಂಬ ಕಂದು ವರ್ಣಕಗಳಾಗುತ್ತವೆ. ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವುದು ಇದೇ ಬಗೆಯ ವಸ್ತು.

ಈ ಕ್ರಿಯೆ ನಡೆಯಲು ಕಿಣ್ವ, ಫಿನಾಲ್, ಆಮ್ಲಜನಕ ಮೂರೂ ಬೇಕು. ಒಂದನ್ನು ತಡೆದರೂ ಬಣ್ಣ ಉಳಿಯುತ್ತದೆ. ನಮ್ಮ ಅಡುಗೆಮನೆಗಳಿಗೆ ಇದು ಹೊಸದಲ್ಲ. ಬದನೆಕಾಯಿ ಹೋಳುಗಳನ್ನು ನೀರಿನಲ್ಲಿ ಮುಳುಗಿಸಿಡುವುದು ಗಾಳಿಯನ್ನು ತಡೆಯಲು. ಬಾಳೆದಿಂಡನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವಾಗ ಗಾಳಿಯ ತಡೆಯ ಜೊತೆಗೆ ಆಮ್ಲದ ನೆರವೂ ಸಿಗುತ್ತದೆ. ಕಬ್ಬಿನ ಹಾಲು ಹಿಂಡುವವರು ಗಾಣಕ್ಕೆ ಕಬ್ಬಿನ ಜೊತೆ ನಿಂಬೆಹಣ್ಣನ್ನೂ ಶುಂಠಿಯನ್ನೂ ಕೊಡುತ್ತಾರೆ. ಇದು ರುಚಿಗಷ್ಟೇ ಅಲ್ಲ. ನಿಂಬೆಯಿಲ್ಲದ ಕಬ್ಬಿನ ಹಾಲು ಬೇಗ ಕಪ್ಪಾಗುತ್ತದೆ.

ನಿಂಬೆರಸ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಪಾಲಿಫಿನಾಲ್ ಆಕ್ಸಿಡೇಸ್ ಚುರುಕಾಗಿರುವುದು ಪಿಹೆಚ್ 5ರಿಂದ 7ರ ಆಸುಪಾಸಿನಲ್ಲಿ. ನಿಂಬೆರಸದ ಪಿಹೆಚ್ 2ರಿಂದ 2.6ರಷ್ಟು. ಅದನ್ನು ಬೆರೆಸಿದಾಗ ಇಡೀ ರಸದ ಪಿಹೆಚ್ ಇಳಿದು ಕಿಣ್ವ ಮಂದವಾಗುತ್ತದೆ. ಎರಡನೆಯದಾಗಿ, ನಿಂಬೆಯಲ್ಲಿರುವ ವಿಟಮಿನ್ ಸಿ ಆಗಲೇ ಹುಟ್ಟಿದ ಕ್ವಿನೋನ್‌ಗಳನ್ನು ಮರಳಿ ಫಿನಾಲ್‌ಗಳನ್ನಾಗಿ ಮಾಡುತ್ತದೆ. ಈ ಕೆಲಸದಲ್ಲಿ ವಿಟಮಿನ್ ಸಿ ತಾನು ಖರ್ಚಾಗುತ್ತದೆ. ಅದು ಮುಗಿದ ಮೇಲೆ ಕಂದು ಬಣ್ಣ ಮತ್ತೆ ತಲೆಯೆತ್ತುತ್ತದೆ. ತಣ್ಣಗಿಟ್ಟರೆ ಕ್ರಿಯೆ ನಿಧಾನವಾಗುತ್ತದೆ. ಹೋಳುಗಳನ್ನು ಕುದಿನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆದರೆ ಕಿಣ್ವವೇ ನಾಶವಾಗುತ್ತದೆ.

ಟೊಮೇಟೊ ರಸ ಒಡೆದು ನಿಲ್ಲುವುದೂ ಕಿಣ್ವದ ಕೆಲಸವೇ. ಕೋಶಭಿತ್ತಿಯ ಪೆಕ್ಟಿನ್ ರಸಕ್ಕೆ ಮಂದತೆ ಕೊಡುತ್ತದೆ. ಹಣ್ಣಿನಲ್ಲೇ ಇರುವ ಕಿಣ್ವಗಳು ಪೆಕ್ಟಿನ್ನನ್ನು ಬದಲಿಸಿ ತುಂಡರಿಸಿದಾಗ ರಸ ತೆಳ್ಳಗಾಗುತ್ತದೆ, ತಿರುಳು ಬೇರ್ಪಡುತ್ತದೆ. ಟೊಮೇಟೊವನ್ನು ಮೊದಲು ಬೇಗನೆ ಬಿಸಿ ಮಾಡಿ ಅನಂತರ ರುಬ್ಬಿದರೆ ರಸ ಮಂದವಾಗಿಯೇ ಉಳಿಯುತ್ತದೆ. ಸಾರಿಗೆ ಟೊಮೇಟೊ ಬೇಯಿಸಿ ಕಿವುಚುವವರಿಗೆ ಇದರ ಅನುಭವವಿದೆ.

ಮೂಸಂಬಿ ಕಹಿ, ಅನಾನಸ್ ಕಹಿ

ಮೂಸಂಬಿ ಮತ್ತು ಕೆಲವು ಕಿತ್ತಳೆಗಳ ತಿರುಳಿನ ಪೊರೆಗಳಲ್ಲಿ ಕಹಿಯಲ್ಲದ ಒಂದು ಸಂಯುಕ್ತವಿದೆ. ಹಣ್ಣು ಇಡಿಯಾಗಿರುವವರೆಗೆ ಅದು ಹಾಗೆಯೇ ಇರುತ್ತದೆ. ಹಿಂಡಿದಾಗ ಅದು ರಸದ ಆಮ್ಲದೊಂದಿಗೆ ಬೆರೆತು ನಿಧಾನವಾಗಿ ಲಿಮೋನಿನ್ ಎಂಬ ಬಹಳ ಕಹಿಯಾದ ವಸ್ತುವಾಗಿ ಮಾರ್ಪಡುತ್ತದೆ. ಇದಕ್ಕೆ ಸಮಯ ಬೇಕಾದ್ದರಿಂದಲೇ ಆಗ ತಾನೆ ಹಿಂಡಿದ ರಸ ಸಿಹಿಯಾಗಿದ್ದು, ಇಟ್ಟ ರಸ ಕಹಿಯಾಗುತ್ತದೆ. ಬೀಜದಲ್ಲಿಯೂ ಲಿಮೋನಿನ್ ಇದೆ. ಮಿಕ್ಸಿಗೆ ಬೀಜಸಮೇತ ಹಾಕಿದರೆ ಕಹಿ ಮೊದಲೇ ಸೇರಿಬಿಡುತ್ತದೆ. ಆದ್ದರಿಂದ ಈ ಜಾತಿಯ ಹಣ್ಣುಗಳನ್ನು ಅಡ್ಡಲಾಗಿ ಕತ್ತರಿಸಿ, ಬೀಜ ಜಜ್ಜದಂತೆ, ಸಿಪ್ಪೆಯನ್ನು ಅತಿಯಾಗಿ ಒತ್ತದಂತೆ ಕೈಯಿಂದ ಹಿಂಡುವುದೇ ಒಳ್ಳೆಯದು.

ಅನಾನಸ್‌ನ ಕತೆ ಬೇರೆ. ಅದರಲ್ಲಿ ಬ್ರೊಮೆಲೈನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಹಸಿ ಅನಾನಸ್ ತಿಂದಾಗ ನಾಲಗೆ ಚುರುಗುಟ್ಟುವುದರಲ್ಲಿ ಇದರ ಪಾಲೂ ಇದೆ. ಹಾಲಿಗೆ ಬೆರೆಸಿದಾಗ ಅದು ಹಾಲಿನ ಪ್ರೋಟೀನಾದ ಕೇಸಿನ್ನನ್ನು ತುಂಡರಿಸುತ್ತದೆ. ಆ ತುಂಡುಗಳಲ್ಲಿ ಕೆಲವು ಕಹಿ. ಪರಂಗಿಯಲ್ಲಿಯೂ ಇಂಥದೇ ಕಿಣ್ವವಾದ ಪಪೈನ್ ಇದೆ; ಅದು ಕಾಯಿಯಲ್ಲಿ ಹೆಚ್ಚು, ಹಣ್ಣಾದಾಗ ಕಡಿಮೆ. ಅನಾನಸ್ ಹೋಳುಗಳನ್ನು ಸ್ವಲ್ಪ ಬೇಯಿಸಿ ಆರಿಸಿ ಬಳಸಿದರೆ ಕಿಣ್ವ ಕೆಲಸ ಮಾಡದು, ಹಾಲು ಕಹಿಯಾಗದು.

ವಿಟಮಿನ್ ಸಿ ಎಷ್ಟು ಹೊತ್ತು?

ಹಣ್ಣಿನ ರಸಕ್ಕೂ ವಿಜ್ಞಾನದ ಇತಿಹಾಸಕ್ಕೂ ಹಳೆಯ ನಂಟಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ, ಸ್ಕರ್ವಿ ರೋಗಕ್ಕೆ ತುತ್ತಾಗಿದ್ದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಗುಂಪು ಮಾಡಿ ಬೇರೆ ಬೇರೆ ಚಿಕಿತ್ಸೆ ಕೊಟ್ಟು ನೋಡಿದ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಹಡಗಿನಲ್ಲಿ ತಿಂಗಳುಗಟ್ಟಲೆ ಇಡಲು ಅನುಕೂಲವಾಗಲೆಂದು ಲಿಂಡ್ ರಸವನ್ನು ಬಿಸಿಮಾಡಿ ಗಟ್ಟಿಗೊಳಿಸುವ ವಿಧಾನವನ್ನೂ ಸೂಚಿಸಿದ. ಆದರೆ ಹಾಗೆ ಕಾಯಿಸಿ ಇಟ್ಟ ರಸದಲ್ಲಿ ರೋಗ ತಡೆಯುವ ಗುಣ ಬಹುಪಾಲು ನಷ್ಟವಾಗುತ್ತಿತ್ತು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. 1928ರಲ್ಲಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಪ್ರತ್ಯೇಕಿಸಿದ ವಸ್ತು ವಿಟಮಿನ್ ಸಿಯೇ ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾದ ಮೇಲೆ ಈ ಒಗಟು ಬಿಡಿಸಿತು.

ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ. ಅದು ಸುಲಭವಾಗಿ ಉತ್ಕರ್ಷಣಗೊಳ್ಳುತ್ತದೆ. ಶಾಖ, ಗಾಳಿ, ಬೆಳಕು ಇದನ್ನು ವೇಗಗೊಳಿಸುತ್ತವೆ. ತಾಮ್ರ ಮತ್ತು ಕಬ್ಬಿಣದ ಅಯಾನುಗಳೂ ವೇಗಗೊಳಿಸುತ್ತವೆ. ಹೀಗಾಗಿ ಹುಳಿಯಾದ ರಸವನ್ನು ತಾಮ್ರದ ಅಥವಾ ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದು. ವಿಟಮಿನ್ ಹೋಗುವುದರ ಜೊತೆಗೆ ತಾಮ್ರವೂ ರಸದಲ್ಲಿ ಕರಗುತ್ತದೆ. ಗಾಜು ಮತ್ತು ಸ್ಟೀಲ್ ಸುರಕ್ಷಿತ.

ಹುಳಿ ಹಣ್ಣುಗಳ ರಸದಲ್ಲಿ ಈ ವಿಟಮಿನ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಏಕೆಂದರೆ ಆಮ್ಲದಲ್ಲಿ ಅದು ಹೆಚ್ಚು ಸ್ಥಿರ. ಸೌತೆಕಾಯಿ ಮುಂತಾದ ಬಳ್ಳಿ ತರಕಾರಿಗಳಲ್ಲಿ ವಿಟಮಿನ್ ಸಿಯನ್ನೇ ಉತ್ಕರ್ಷಿಸುವ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವ ಹೇರಳವಾಗಿದೆ. ಇವುಗಳ ರಸಕ್ಕೆ ನಿಂಬೆ ಹಿಂಡುವ ರೂಢಿ ಒಳ್ಳೆಯದೇ. ಆಮ್ಲ ಹೆಚ್ಚಿದಷ್ಟೂ ಆ ಕಿಣ್ವ ಮಂದವಾಗುತ್ತದೆ. ಆದರೂ ಬೆರೆಸಿದ ಕೂಡಲೇ ಕುಡಿಯಬೇಕು.

ರಸ ಮಾಡುವುದರಿಂದ ಲಾಭವೂ ಇದೆ. ಕ್ಯಾರೆಟ್‌ನ ಬೀಟಾ ಕ್ಯಾರೊಟೀನ್ ಹಸಿ ಕೋಶಗಳಲ್ಲಿ ಬಂಧಿತವಾಗಿರುತ್ತದೆ. ಚೆನ್ನಾಗಿ ಅರೆದಾಗ ಅದು ಬಿಡುಗಡೆಯಾಗಿ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಜೊತೆಗೆ ಸ್ವಲ್ಪ ಹಾಲು ಅಥವಾ ಊಟದಲ್ಲಿ ಎಣ್ಣೆ, ತುಪ್ಪ ಇದ್ದರೆ ಇನ್ನೂ ಒಳ್ಳೆಯದು. ಊಟದ ಜೊತೆ ನಿಂಬೆ, ನೆಲ್ಲಿಯ ರಸ ಸೇವಿಸಿದರೆ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶ ಹೆಚ್ಚು ಹೀರಿಕೆಯಾಗುತ್ತದೆ.

ಹಿಪ್ಪೆಯೊಂದಿಗೆ ಹೋಗುವುದೇನು?

ರಸವನ್ನು ಸೋಸಿದಾಗ ಬಟ್ಟೆಯಲ್ಲಿ ಉಳಿಯುವ ಹಿಪ್ಪೆಯೇ ಹಣ್ಣಿನ ನಾರು. 100 ಗ್ರಾಂ ಕಿತ್ತಳೆ ತೊಳೆಗಳಲ್ಲಿ ಸುಮಾರು 2.4 ಗ್ರಾಂ ನಾರಿದ್ದರೆ ಅಷ್ಟೇ ತೂಕದ ಸೋಸಿದ ರಸದಲ್ಲಿ ಇರುವುದು ಸುಮಾರು 0.2 ಗ್ರಾಂ. ಸಕ್ಕರೆ ಮಾತ್ರ ಹೆಚ್ಚು ಕಡಿಮೆ ಪೂರ್ತಿ ರಸಕ್ಕೆ ಬರುತ್ತದೆ. 200 ಮಿಲಿಲೀಟರಿನ ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅದರಲ್ಲಿ 16ರಿಂದ 20 ಗ್ರಾಂ ಸಕ್ಕರೆ ಇರುತ್ತದೆ. ಎಂದರೆ ಹೊರಗಿನಿಂದ ಒಂದು ಚಿಟಿಕೆಯೂ ಹಾಕದೆ ಸುಮಾರು ನಾಲ್ಕು ಚಮಚ ಸಕ್ಕರೆ. ನಾಲ್ಕು ಕಿತ್ತಳೆಗಳನ್ನು ಒಂದೇ ಸಲಕ್ಕೆ ಬಿಡಿಸಿ ತಿನ್ನುವವರು ಅಪರೂಪ. ನಾಲ್ಕು ಕಿತ್ತಳೆಗಳ ರಸವನ್ನು ಒಂದು ನಿಮಿಷದಲ್ಲಿ ಕುಡಿದು ಮುಗಿಸುತ್ತೇವೆ.

1977ರಲ್ಲಿ ಬ್ರಿಟನ್ನಿನಲ್ಲಿ ಹೇಬರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಹತ್ತು ಮಂದಿಗೆ ಇಡೀ ಸೇಬು, ಅರೆದ ಸೇಬು ಹಾಗೂ ಸೇಬಿನ ರಸವನ್ನು ಬೇರೆ ಬೇರೆ ದಿನ ಕೊಟ್ಟರು. ಮೂರರಲ್ಲಿಯೂ ಸಕ್ಕರೆಯ ಪ್ರಮಾಣ ಒಂದೇ ಇತ್ತು. ಇಡೀ ಹಣ್ಣಿಗಿಂತ ರಸವನ್ನು 11 ಪಟ್ಟು ಬೇಗ ಸೇವಿಸಬಹುದಾಗಿತ್ತು. ಹೊಟ್ಟೆ ತುಂಬಿದ ಭಾವ ಹಣ್ಣಿನಿಂದ ಹೆಚ್ಚು, ಅರೆದದ್ದರಿಂದ ಕಡಿಮೆ, ರಸದಿಂದ ಇನ್ನೂ ಕಡಿಮೆ. ರಸ ಕುಡಿದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚು ಏರಿತು. ಹಣ್ಣು ಒಂದೇ, ಸಕ್ಕರೆ ಅಷ್ಟೇ. ಕೋಶಗಳ ಗೋಡೆ ಒಡೆದದ್ದರಿಂದ ಮತ್ತು ನಾರು ಹೋದದ್ದರಿಂದ ದೇಹದ ಪ್ರತಿಕ್ರಿಯೆ ಬದಲಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಹಣ್ಣಿನ ರಸದಲ್ಲಿರುವ ಸಹಜ ಸಕ್ಕರೆಯನ್ನೂ ಮಿತಿಗೊಳಿಸಬೇಕಾದ ಸಕ್ಕರೆಯ ಲೆಕ್ಕಕ್ಕೆ ಸೇರಿಸಿದೆ. ಇಡೀ ಹಣ್ಣಿನ ಸಕ್ಕರೆಯನ್ನು ಸೇರಿಸಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಒಂದು ವರ್ಷದೊಳಗಿನ ಶಿಶುಗಳಿಗೆ ಹಣ್ಣಿನ ರಸ ಬೇಡವೆಂದು ಹೇಳಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಸಲಹೆಯೂ ರಸಕ್ಕಿಂತ ಇಡೀ ಹಣ್ಣು ಮೇಲು ಎಂಬುದೇ. ಮಧುಮೇಹ ಇರುವವರಿಗಂತೂ ಈ ವ್ಯತ್ಯಾಸ ಬಹು ಮುಖ್ಯ. ರಸ ಬೇಕೆನಿಸಿದರೆ ಸೋಸದೆ, ಸಣ್ಣ ಲೋಟದಲ್ಲಿ, ಸಕ್ಕರೆ ಹಾಕದೆ ಕುಡಿಯಬಹುದು.

ಕಹಿ ಸೋರೆಕಾಯಿ: ನಾಲಗೆಯ ಎಚ್ಚರಿಕೆ

ತರಕಾರಿಗಳನ್ನು ಹಸಿಯಾಗಿ ಅರೆದು ಕುಡಿಯುವ ಅಭ್ಯಾಸ ಈಚಿನ ದಶಕಗಳಲ್ಲಿ ಹೆಚ್ಚಿದೆ. ಅದರಲ್ಲಿ ಸೋರೆಕಾಯಿ ರಸಕ್ಕೆ ವಿಶೇಷ ಪ್ರಚಾರ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿಯ ರಸವನ್ನು ಬೆರೆಸಿ ಕುಡಿದು ತೀವ್ರ ಅಸ್ವಸ್ಥರಾಗಿ ಮೃತಪಟ್ಟರು. ಸೋರೆಕಾಯಿ ಕಹಿಯಾಗಿತ್ತು. ಇಂಥ ಪ್ರಕರಣಗಳನ್ನು ಪರಿಶೀಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ರಚನೆಯಾಯಿತು. ಅದರ ವರದಿ 2012ರಲ್ಲಿ ಪ್ರಕಟವಾಯಿತು.

ಸೋರೆ, ಸೌತೆ, ಕುಂಬಳ, ಹೀರೆಗಳೆಲ್ಲ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಈ ಕುಟುಂಬದ ಕಾಡುಬಳ್ಳಿಗಳು ತಮ್ಮನ್ನು ತಿನ್ನುವ ಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿಯಾದ ವಿಷಗಳನ್ನು ತಯಾರಿಸುತ್ತವೆ. ನಮ್ಮ ಹಿರಿಯರು ತಲೆಮಾರುಗಳ ಕಾಲ ಕಹಿಯಿಲ್ಲದ ಬಳ್ಳಿಗಳ ಬೀಜವನ್ನೇ ಆರಿಸಿ ಬಿತ್ತಿ ಇಂದಿನ ತರಕಾರಿಗಳನ್ನು ರೂಪಿಸಿದರು. ಆದರೆ ಹಳೆಯ ಗುಣ ಪೂರ್ತಿ ಅಳಿದಿಲ್ಲ. ಕಾಡುಬಳ್ಳಿಯ ಪರಾಗ ಬೆರೆತ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ಅದು ಮರಳಬಹುದು. ಅತಿ ಬಿಸಿಲು, ನೀರಿನ ಕೊರತೆಯಂಥ ಒತ್ತಡದಲ್ಲಿಯೂ ಕಾಯಿ ಕಹಿಯಾಗಬಹುದು. ಕಹಿ ಸೋರೆಕಾಯಿಗೂ ಒಳ್ಳೆಯ ಸೋರೆಕಾಯಿಗೂ ಹೊರನೋಟದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ.

ಕಹಿ ರಸ ಕುಡಿದ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತವೆ. ತೀವ್ರವಾದಾಗ ರಕ್ತವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸುವುದೊಂದೇ ದಾರಿ. ಬೇಯಿಸಿದ ಮಾತ್ರಕ್ಕೆ ಈ ವಿಷ ಹೋಗುವುದಿಲ್ಲ.

ಪಲ್ಯ ಮಾಡಿದಾಗ ಕಹಿಯಿದ್ದರೆ ಒಂದು ತುತ್ತು ತಿಂದು ತಟ್ಟೆ ಸರಿಸುತ್ತೇವೆ. ರಸದಲ್ಲಿ ಅಪಾಯ ಹೆಚ್ಚಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ದೊಡ್ಡ ಕಾಯಿಯೊಂದರ ವಿಷವೆಲ್ಲ ಒಂದು ಲೋಟಕ್ಕೆ ಇಳಿಯುತ್ತದೆ, ಅದನ್ನು ಗಟಗಟನೆ ಕುಡಿದುಬಿಡುತ್ತೇವೆ. ಎರಡನೆಯದಾಗಿ, ಕಹಿಯಾದದ್ದೇ ಔಷಧಿ ಎಂಬ ನಂಬಿಕೆ ನಾಲಗೆಯ ಎಚ್ಚರಿಕೆಯನ್ನು ಬಾಯಿ ಮುಚ್ಚಿಸುತ್ತದೆ. ಹಾಗಲಕಾಯಿಗೆ ಕಹಿ ಸಹಜ, ಸೋರೆಕಾಯಿಗೆ ಸಹಜವಲ್ಲ. ಎರಡನ್ನೂ ಬೆರೆಸಿದರೆ ಯಾವುದರ ಕಹಿ ಎಂದು ತಿಳಿಯುವುದೇ ಇಲ್ಲ.

ತಜ್ಞರ ಸಮಿತಿಯ ಸಲಹೆಗಳು ಸರಳವಾಗಿವೆ. ರಸ ತೆಗೆಯುವ ಮುನ್ನ ಸೋರೆಕಾಯಿಯ ಸಣ್ಣ ಚೂರನ್ನು ರುಚಿ ನೋಡಬೇಕು. ಕಹಿಯಿದ್ದರೆ ಇಡೀ ಕಾಯಿಯನ್ನು ಬಿಸಾಡಬೇಕು. ಸೋರೆಕಾಯಿ ರಸವನ್ನು ಬೇರೆ ಯಾವ ರಸದೊಂದಿಗೂ ಬೆರೆಸಬಾರದು. ಕಹಿ ರಸ ಕುಡಿದ ಮೇಲೆ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೌತೆಕಾಯಿಯ ತುದಿ ಕತ್ತರಿಸಿ ರುಚಿ ನೋಡುವ ರೂಢಿ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಅದನ್ನೇ ಸೋರೆಕಾಯಿಗೂ ವಿಸ್ತರಿಸಿದರೆ ಸಾಕು.

ಕೆಲವರಿಗೆ ಸಲ್ಲದ ರಸಗಳು

ಧಾರೆಹುಳಿ ಹಣ್ಣು ಆರೋಗ್ಯವಂತರಿಗೆ ಮಿತವಾಗಿ ತೊಂದರೆ ಕೊಡದು. ಆದರೆ ಮೂತ್ರಪಿಂಡ ಕೆಟ್ಟವರಿಗೆ ಅದರ ರಸ ಪ್ರಾಣಾಪಾಯ ತರಬಲ್ಲದು. ಮಿದುಳಿನ ಮೇಲೆ ವರ್ತಿಸುವ ಕ್ಯಾರಾಂಬಾಕ್ಸಿನ್ ಎಂಬ ವಸ್ತು ಅದರಲ್ಲಿರುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ. ಬೇಯಿಸಿ ನೀರು ಬಸಿದಾಗ ಸ್ವಲ್ಪ ಹೋಗುತ್ತದೆ. ಹಸಿ ರಸದಲ್ಲಿ ಪೂರ್ತಿ ಉಳಿಯುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಇದನ್ನು ದಿನವೂ ಕುಡಿಯಬಾರದು.

ರಸವು ಔಷಧಿಯ ಕೆಲಸವನ್ನೂ ಬದಲಿಸಬಲ್ಲದು. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ರಕ್ತದೊತ್ತಡದ ಒಂದು ಔಷಧಿಯನ್ನು ಪರೀಕ್ಷಿಸುವಾಗ ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ಹಣ್ಣಿನ ರಸ ಬಳಸಿದರು. ರಕ್ತದಲ್ಲಿ ಔಷಧಿಯ ಮಟ್ಟ ನಿರೀಕ್ಷೆಗಿಂತ ಬಹಳ ಏರಿತ್ತು. 1989ರಲ್ಲಿ ವರದಿಯಾದ ಈ ಆಕಸ್ಮಿಕ ಶೋಧದಿಂದ, ಆ ರಸ ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆಂದು ಮುಂದೆ ತಿಳಿಯಿತು. ಗ್ರೇಪ್‌ಫ್ರೂಟ್, ಚಕ್ಕೋತ ಮತ್ತು ಕಿತ್ತಳೆಗಳ ಸಂಕರದಿಂದ ಹುಟ್ಟಿದ ಹಣ್ಣು. ಆ ಗುಣವುಳ್ಳ ವಸ್ತುಗಳು ಚಕ್ಕೋತದಲ್ಲಿಯೂ ಇವೆ. ದಿನವೂ ಔಷಧಿ ಸೇವಿಸುವವರು ಇವುಗಳ ರಸ ಕುಡಿಯುವ ಮೊದಲು ವೈದ್ಯರನ್ನು ಕೇಳುವುದು ಉಚಿತ.

ಕಾಣದ ಅತಿಥಿಗಳು

ಹಣ್ಣಿನ ಸಿಪ್ಪೆ ಸೂಕ್ಷ್ಮಜೀವಿಗಳಿಗೆ ತಡೆಗೋಡೆ. ಸಿಪ್ಪೆಯ ಮೇಲಿನ ಬ್ಯಾಕ್ಟೀರಿಯಾ ಚಾಕುವಿನೊಡನೆ ಒಳಗಿಳಿದಾಗ ಸಕ್ಕರೆ, ನೀರು, ಪೋಷಕಗಳು ತುಂಬಿದ ರಸ ಅವುಗಳಿಗೆ ಹಬ್ಬದೂಟ. 1996ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಪಾಶ್ಚರೀಕರಿಸದ ಸೇಬಿನ ರಸದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ ಅಪಾಯಕಾರಿ ಬಗೆಯೊಂದು ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಕಾಯಿಲೆಬಿದ್ದರು, ಒಂದು ಮಗು ಸತ್ತಿತು. ಸೇಬಿನ ರಸ ಹುಳಿಯಾದದ್ದು, ಅದರಲ್ಲಿ ರೋಗಾಣು ಬದುಕದು ಎಂಬ ನಂಬಿಕೆ ಸುಳ್ಳಾಯಿತು.

ಹುಳಿಯಿಲ್ಲದ ರಸಗಳಲ್ಲಿ ಅಪಾಯ ಇನ್ನೂ ಹೆಚ್ಚು. ಪಿಹೆಚ್ 4.6ಕ್ಕಿಂತ ಹೆಚ್ಚಿರುವ ಆಹಾರದಲ್ಲಿ, ಗಾಳಿಯಾಡದಿದ್ದರೆ, ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಕ್ಯಾರೆಟ್ ರಸದ ಪಿಹೆಚ್ ಸುಮಾರು 6. 2006ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಬಾಟಲಿಯ ಕ್ಯಾರೆಟ್ ರಸದಿಂದ ಈ ವಿಷಬಾಧೆ ಉಂಟಾಗಿತ್ತು. ತಣ್ಣಗಿರಬೇಕಾಗಿದ್ದ ರಸ ಬೆಚ್ಚಗಾಗಿದ್ದುದೇ ಅದಕ್ಕೆ ಕಾರಣವೆಂದು ಶಂಕಿಸಲಾಯಿತು. ಕಲ್ಲಂಗಡಿ, ಸೌತೆ, ಕ್ಯಾರೆಟ್‌ಗಳ ರಸವನ್ನು ಬಾಟಲಿಯಲ್ಲಿ ತುಂಬಿ ದಿನಗಟ್ಟಲೆ ಇಡುವುದು ಸಲ್ಲದು.

ಮನೆಯಲ್ಲಿ ರಸ ತೆಗೆಯುವ ಕ್ರಮ

ಮೇಲಿನ ಕಾರಣಗಳಿಂದ ಕೆಳಗಿನ ಕ್ರಮಗಳು ಹೊರಡುತ್ತವೆ.

1. ಕೈ, ಚಾಕು, ಹಲಗೆ, ಮಿಕ್ಸಿಯ ಜಾರ್ ಸ್ವಚ್ಛವಾಗಿರಲಿ. ಹಸಿ ಮಾಂಸ, ಮೀನು ಕತ್ತರಿಸಿದ ಹಲಗೆ ಬೇಡ.

2. ಸಿಪ್ಪೆ ತೆಗೆಯುವ ಹಣ್ಣನ್ನೂ ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕಲ್ಲಂಗಡಿ, ಕರಬೂಜಗಳಿಗೆ ಇದು ಬಹಳ ಮುಖ್ಯ. ಸಾಬೂನು ಬಳಸಬಾರದು. ಕೊಳೆತ, ಬೂಷ್ಟು ಹಿಡಿದ ಹಣ್ಣು ಬೇಡ.

3. ಸೋರೆ, ಸೌತೆಗಳ ಚೂರು ರುಚಿ ನೋಡಿಯೇ ಮುಂದುವರಿಯಿರಿ.

4. ಹಣ್ಣುಗಳನ್ನು ಮೊದಲೇ ತಣ್ಣಗೆ ಮಾಡಿಕೊಂಡರೆ ಬಣ್ಣವೂ ವಿಟಮಿನ್ನೂ ಹೆಚ್ಚು ಉಳಿಯುತ್ತವೆ, ಐಸ್ ಬೇಕಾಗುವುದಿಲ್ಲ. ನೀರು, ಐಸ್ ಬೇಕೇ ಆದರೆ ಕುದಿಸಿ ಆರಿಸಿದ ನೀರಿನದಾಗಿರಲಿ.

5. ಸೇಬು, ಸೀಬೆ, ಕ್ಯಾರೆಟ್‌ಗಳನ್ನು ಅರೆಯುವಾಗಲೇ ನಿಂಬೆ ಹಿಂಡಿ. ಅರೆದ ಮೇಲೆ ಹಿಂಡಿದರೆ ಆಗಲೇ ಬಂದ ಬಣ್ಣ ಪೂರ್ತಿ ಹೋಗದು.

6. ಮಿಕ್ಸಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓಡಿಸಬೇಡಿ. ನೊರೆ ಹೆಚ್ಚಿದಷ್ಟೂ ಗಾಳಿ ಹೆಚ್ಚು ಬೆರೆತಿದೆ ಎಂದರ್ಥ. ನಿಧಾನವಾಗಿ ಒತ್ತಿ ಹಿಂಡುವ ದುಬಾರಿ ಯಂತ್ರಗಳಲ್ಲಿ ಗಾಳಿ ಕಡಿಮೆ ಬೆರೆಯುತ್ತದೆ, ನಿಜ. ಆದರೆ ಕೂಡಲೇ ಕುಡಿಯುವವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಅವು ಹಣ್ಣಿನ ಕಿಣ್ವಗಳನ್ನು ‘ಜೀವಂತ’ವಾಗಿ ದೇಹಕ್ಕೆ ಮುಟ್ಟಿಸುತ್ತವೆ ಎಂಬ ಪ್ರಚಾರಕ್ಕೆ ಮರುಳಾಗಬೇಕಿಲ್ಲ. ಕಿಣ್ವಗಳು ಪ್ರೋಟೀನುಗಳು, ಅವು ಬಹುಮಟ್ಟಿಗೆ ಉಳಿದ ಪ್ರೋಟೀನುಗಳಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ.

7. ಸೋಸದೆ ಕುಡಿಯಿರಿ. ಸೋಸಲೇಬೇಕಾದರೆ ಕ್ಯಾರೆಟ್, ಬೀಟ್‌ರೂಟ್‌ಗಳ ಹಿಪ್ಪೆಯನ್ನು ಚಪಾತಿ ಹಿಟ್ಟಿಗೆ, ದೋಸೆ ಹಿಟ್ಟಿಗೆ ಸೇರಿಸಬಹುದು.

8. ತಯಾರಿಸಿದ ಕೂಡಲೇ ಕುಡಿಯಿರಿ. ಇಡಲೇಬೇಕಾದರೆ ಗಾಜಿನ ಬಾಟಲಿಯಲ್ಲಿ ಬಾಯಿವರೆಗೆ ತುಂಬಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸಿ. ಹೊರಗೆ ಎರಡು ಗಂಟೆಗಿಂತ ಹೆಚ್ಚು, ಕಡು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಟ್ಟ ರಸ ಬೇಡ.

ತರಗತಿಯಲ್ಲಿ ಮಾಡಿ ನೋಡಿ

ಪ್ರಯೋಗ 1: ಒಂದೇ ಸೇಬನ್ನು ನಾಲ್ಕು ಭಾಗ ಮಾಡಿ. ಮೊದಲ ಭಾಗವನ್ನು ತುರಿದು ಹಾಗೆಯೇ ಇಡಿ. ಎರಡನೆಯದನ್ನು ತುರಿಯುತ್ತಲೇ ಒಂದು ಚಮಚ ನಿಂಬೆರಸ ಬೆರೆಸಿ. ಮೂರನೆಯದನ್ನು ತುರಿದು ಫ್ರಿಜ್ಜಿನಲ್ಲಿ ಅಥವಾ ಐಸ್ ತುಂಬಿದ ಪಾತ್ರೆಯ ಮೇಲಿಡಿ. ನಾಲ್ಕನೆಯದನ್ನು ಹೋಳು ಮಾಡಿ ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ ತೆಗೆದು ಅರೆಯಿರಿ. 10, 30 ಮತ್ತು 60 ನಿಮಿಷಗಳಲ್ಲಿ ಬಣ್ಣ ಹೋಲಿಸಿ ಬರೆದುಕೊಳ್ಳಿ. ಯಾವ ಭಾಗದಲ್ಲಿ ಕಿಣ್ವ ನಾಶವಾಯಿತು, ಯಾವುದರಲ್ಲಿ ಕೇವಲ ನಿಧಾನವಾಯಿತು ಎಂದು ವಿದ್ಯಾರ್ಥಿಗಳನ್ನೇ ಕೇಳಿ.

ಪ್ರಯೋಗ 2: ಒಂದು ಲೋಟ ನೀರಿಗೆ ಒಂದು ಚಮಚ ಅನ್ನದ ತಿಳಿಗಂಜಿ ಬೆರೆಸಿ. ಅದರಲ್ಲಿ ಸಮ ಅಳತೆಯಷ್ಟನ್ನು ಮೂರು ಪ್ರನಾಳಗಳಿಗೆ ಹಾಕಿ, ಪ್ರತಿಯೊಂದಕ್ಕೂ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೊಡಿನ್ ದ್ರಾವಣ ಒಂದೇ ಹನಿ ಸೇರಿಸಿ. ಕಡುನೀಲಿ ಬಣ್ಣ ಬರುತ್ತದೆ. ಮೊದಲ ಪ್ರನಾಳಕ್ಕೆ ಆಗ ತಾನೆ ಹಿಂಡಿದ ನಿಂಬೆರಸ, ಎರಡನೆಯದಕ್ಕೆ ಒಂದು ದಿನ ತೆರೆದಿಟ್ಟ ನಿಂಬೆರಸ, ಮೂರನೆಯದಕ್ಕೆ ಹತ್ತು ನಿಮಿಷ ಕುದಿಸಿ ಆರಿಸಿದ ನಿಂಬೆರಸವನ್ನು ಹನಿಹನಿಯಾಗಿ ಹಾಕಿ ಕಲಕಿ. ಕುದಿಸಿದಾಗ ಆವಿಯಾದಷ್ಟು ನೀರನ್ನು ಮರಳಿ ಸೇರಿಸಿ ಅಳತೆ ಸರಿಪಡಿಸುವುದನ್ನು ಮರೆಯಬೇಡಿ. ವಿಟಮಿನ್ ಸಿ ಅಯೊಡಿನ್ನನ್ನು ಅಯೊಡೈಡ್ ಮಾಡುವುದರಿಂದ ನೀಲಿ ಮಾಯವಾಗುತ್ತದೆ. ಎಷ್ಟು ಹನಿ ಬೇಕಾಯಿತು ಎಂದು ಎಣಿಸಿ. ಕಡಿಮೆ ಹನಿ ಸಾಕಾದರೆ ವಿಟಮಿನ್ ಹೆಚ್ಚಿದೆ ಎಂದರ್ಥ. ಸೀಬೆ, ಕಿತ್ತಳೆ, ಸೇಬಿನ ರಸಗಳನ್ನೂ ಹೀಗೆಯೇ ಹೋಲಿಸಬಹುದು. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು, ಕಿತ್ತಳೆಯಲ್ಲಿ ಸುಮಾರು 50, ಸೇಬಿನಲ್ಲಿ ಕೇವಲ 5 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇರುತ್ತದೆ. ಬೆಲೆಯಲ್ಲಿ ಯಾವುದು ಅಗ್ಗ ಎಂಬುದನ್ನೂ ವಿದ್ಯಾರ್ಥಿಗಳು ಪಟ್ಟಿ ಮಾಡಲಿ. ಈ ದ್ರಾವಣಗಳನ್ನು ಯಾರೂ ಕುಡಿಯದಂತೆ ಶಿಕ್ಷಕರು ನೋಡಿಕೊಳ್ಳಬೇಕು.

ಹಣ್ಣಿನ ಬಣ್ಣ, ರುಚಿ, ವಿಟಮಿನ್, ನಾರು, ಸುರಕ್ಷತೆ ಎಲ್ಲವೂ ಅದರ ಕೋಶಗಳ ವ್ಯವಸ್ಥೆಯನ್ನು ಅವಲಂಬಿಸಿವೆ. ಹಲ್ಲಿನಿಂದ ಅಗಿದು ತಿನ್ನುವಾಗಲೂ ಆ ಗೋಡೆಗಳು ಒಡೆಯುತ್ತವೆ. ಆದರೆ ಆಗ ಒಡೆದದ್ದು ಕ್ಷಣದಲ್ಲೇ ಹೊಟ್ಟೆ ಸೇರುತ್ತದೆ, ಹಿಪ್ಪೆಯೂ ಜೊತೆಗೇ ಹೋಗುತ್ತದೆ, ಕಹಿಯಿದ್ದರೆ ಮೊದಲ ತುತ್ತಿಗೇ ತಿಳಿಯುತ್ತದೆ. ಈ ಮೂರು ಅನುಕೂಲಗಳನ್ನು ಬಿಟ್ಟುಕೊಟ್ಟು ರಸ ತೆಗೆಯುವಾಗ ಅವುಗಳ ಬದಲಿಗೆ ನಾವೇ ಎಚ್ಚರ ವಹಿಸಬೇಕು. ದಿನವೂ ಹಣ್ಣು ತಿನ್ನೋಣ, ರಸವನ್ನು ಎಂದಾದರೊಮ್ಮೆ ಕುಡಿಯೋಣ. ಕುಡಿಯುವ ದಿನ ಅದು ಆಗ ತಾನೆ ಹಿಂಡಿದ್ದಾಗಿರಲಿ. ಮೊದಲ ಗುಟುಕು ಸಣ್ಣದಾಗಿರಲಿ.